ಟ್ಯಾಪ್ ಮಾಡಿದ ಮೇಲೆ ಕೇಳಿಕೊಳ್ಳುವ ಪ್ರಶ್ನೆ

(ತುಮಕೂರಿನಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ (ಎಂಎಂಎ) ಕಲಿಯುತ್ತಿರುವ ಹುಡುಗ ಹುಡುಗಿಯರು ಮತ್ತು ಅವರ ಮನೆಯವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಎಷ್ಟೋ ಮಂದಿ ಈ ವಾರ ಮ್ಯಾಟ್ ಮೇಲೆ ಯಾರಿಗಾದರೂ ಟ್ಯಾಪ್ ಮಾಡಿಯೇ, ಅಂದರೆ ತಟ್ಟಿ ಸೋಲೊಪ್ಪಿಕೊಂಡೇ ಬಂದಿರುತ್ತೀರಿ. ಆ ಟ್ಯಾಪ್ ಆದ ತಕ್ಷಣ ಏನು ಮಾಡುತ್ತೀರಿ ಅನ್ನುವುದೇ ಇವತ್ತಿನ ವಿಷಯ. ಕೆಲವರು ತಲೆ ಬಗ್ಗಿಸಿ ಮೂಲೆಗೆ ಹೋಗುತ್ತಾರೆ. ಕೆಲವರು ಮೌತ್‌ಗಾರ್ಡ್ ಕಿತ್ತು ಎಸೆಯುತ್ತಾರೆ. ‘ಕಾಲು ಜಾರ್ತು’ ಅನ್ನುವವರು ಬಹಳ. ಒಬ್ಬಿಬ್ಬರು ಮಾತ್ರ ಎದುರಿಗಿದ್ದವನನ್ನೇ ಕೇಳುತ್ತಾರೆ: ‘ಗುರು, ನನ್ನ ಬೆನ್ನು ನಿಂಗೆ ಎಲ್ಲಿ ಸಿಕ್ತು?’

ಸಕಾರಾತ್ಮಕ ಮನೋಭಾವ ಅಂದರೆ ನಮ್ಮ ಲೆಕ್ಕದಲ್ಲಿ ಆ ಪ್ರಶ್ನೆ ಕೇಳುವ ಅಭ್ಯಾಸ. ಕನ್ನಡಿ ಮುಂದೆ ನಿಂತು ‘ನಾನೇ ಚಾಂಪಿಯನ್’ ಅಂದುಕೊಳ್ಳುವುದರಿಂದ ಯಾವ ಚೋಕೂ (ಕುತ್ತಿಗೆ ಅಮುಕುವ ಪಟ್ಟು) ಬಿಟ್ಟುಹೋಗುವುದಿಲ್ಲ. ಹುರುಪು ಎಲ್ಲ ಹುಡುಗರಲ್ಲೂ ಇರುತ್ತದೆ. ಅದನ್ನು ನಾಳೆ ಬೆಳಿಗ್ಗೆ ಮಾಡಬಹುದಾದ ಒಂದು ಸಣ್ಣ ಕೆಲಸವಾಗಿ ಬದಲಾಯಿಸುವುದನ್ನು ಕಲಿಯಬೇಕು. ಅದನ್ನು ಕಲಿಸಲು ಬರುತ್ತದೆ, ಕಲಿಯಲೂ ಬರುತ್ತದೆ.

ಮೊದಲು ಟ್ಯಾಪ್ ಬಗ್ಗೆಯೇ ಸರಿಯಾಗಿ ತಿಳಿದುಕೊಳ್ಳೋಣ, ಏಕೆಂದರೆ ಅದನ್ನು ಅವಮಾನ ಅಂದುಕೊಂಡವನು ಮುಂದಿನ ಯಾವ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಹಿಂದಿನಿಂದ ಹಾಕುವ ಚೋಕ್ ಸರಿಯಾಗಿ ಕೂತರೆ ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಒತ್ತಿ, ಸುಮಾರು 10 ಸೆಕೆಂಡಿನೊಳಗೆ ಪ್ರಜ್ಞೆ ತಪ್ಪುತ್ತದೆ. ಉಸಿರು ಕಟ್ಟಿದ ಅನುಭವ ಬರುವವರೆಗೆ ಕಾಯುತ್ತೇನೆ ಅಂದರೆ ಅಷ್ಟರಲ್ಲಿ ಕಣ್ಣು ಕತ್ತಲೆಯಾಗಿರುತ್ತದೆ. ಕೈ ಚಾಚಿಸಿ ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್‌ನಲ್ಲಿ ಮೊಣಕೈ ನೋವು ಮೊದಲೇ ಎಚ್ಚರಿಸುತ್ತದೆ. ಹೀಲ್ ಹುಕ್ ಹಾಗಲ್ಲ. ಹಿಮ್ಮಡಿಯನ್ನು ತಿರುಚಿದಾಗ ಭಾರ ಬೀಳುವುದು ಮಂಡಿಯ ಲಿಗಮೆಂಟ್ ಮೇಲೆ, ನೋವು ಗೊತ್ತಾಗುವ ಹೊತ್ತಿಗೆ ಅದು ಹರಿದಿರಬಹುದು. ಆದ್ದರಿಂದ ಮೊದಲ ವರ್ಷದವರಿಗೆ ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಹೊಡೆದಾಟದಲ್ಲಿ, ಹೀಲ್ ಹುಕ್ ಬೇಡ. ಉಳಿದ ಪಟ್ಟುಗಳಲ್ಲಿ ಕೈ ಆಡುವ ಹಾಗಿದ್ದರೆ ಎದುರಾಳಿಯ ಮೈಮೇಲೆ ಎರಡು ಮೂರು ಸಲ ಗಟ್ಟಿಯಾಗಿ ತಟ್ಟಿ, ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲಿ ‘ಟ್ಯಾಪ್’ ಎಂದು ಕೂಗಿ. ಬೇಗ ಟ್ಯಾಪ್ ಮಾಡಿದವನು ಅದೇ ಸಂಜೆ ಇನ್ನೂ ಹತ್ತು ಸಲ ಅದೇ ಜಾಗದಿಂದ ಅಭ್ಯಾಸ ಮಾಡಬಹುದು. ಹಟ ಹಿಡಿದವನು ಆರು ವಾರ ಮನೆಯಲ್ಲಿ ಕೂರುತ್ತಾನೆ.

ಈಗ ಪ್ರಶ್ನೆಗೆ ಬರೋಣ. ಹಿಂದಿನಿಂದ ಚೋಕ್ ಬಿತ್ತು ಅನ್ನಿ. ಹೊಸಬರು ನೋಟ್‌ಬುಕ್ಕಿನಲ್ಲಿ ‘ಚೋಕ್ ಡಿಫೆನ್ಸ್ ವೀಕು’ ಎಂದು ಬರೆಯುತ್ತಾರೆ. ಅದು ನಡೆದದ್ದರ ಕೊನೆ ಮಾತ್ರ. ಹಿಂದಕ್ಕೆ ಹೋಗಿ. ಮುಂಗೈ ನಿಮ್ಮ ಗದ್ದದ ಕೆಳಗೆ ನುಗ್ಗುವ ಮೊದಲು ಅವನ ಎರಡೂ ಹಿಮ್ಮಡಿಗಳು ನಿಮ್ಮ ತೊಡೆಯ ಒಳಗೆ ಸಿಕ್ಕಿಹಾಕಿಕೊಂಡಿದ್ದವು. ಅದಕ್ಕೂ ಮೊದಲು ನೀವು ಮಂಡಿ ಮತ್ತು ಕೈ ಊರಿ ಆಮೆಯ ಹಾಗೆ ಮುದುರಿಕೊಂಡು ಬೆನ್ನು ಕೊಟ್ಟಿದ್ದಿರಿ. ಯಾಕೆ ಕೊಟ್ಟಿರಿ? ಸೈಡ್ ಕಂಟ್ರೋಲ್‌ನಲ್ಲಿ, ಅಂದರೆ ಅವನು ಪಕ್ಕದಿಂದ ಎದೆಯ ಮೇಲೆ ಅಡ್ಡ ಒತ್ತಿ ಹಿಡಿದು ನೀವು ಕೆಳಗೆ ಬಿದ್ದಿದ್ದಾಗ, ಅವನ ಕಡೆಗೆ ತಿರುಗದೆ ಆಚೆ ಕಡೆಗೆ ಹೊರಳಿದಿರಿ. ಸೈಡ್ ಕಂಟ್ರೋಲ್ ಅವನಿಗೆ ಸಿಕ್ಕಿದ್ದು ಟೇಕ್‌ಡೌನ್‌ನಿಂದ, ಅಂದರೆ ನಿಮ್ಮನ್ನು ನೆಲಕ್ಕೆ ಕೆಡವಿದ್ದರಿಂದ. ಟೇಕ್‌ಡೌನ್ ಸಿಕ್ಕಿದ್ದು ನೀವು ಬಲಗೈ ಪಂಚ್ ಎಸೆದ ಮೇಲೆ ಎರಡೂ ಪಾದ ಒಂದೇ ಗೆರೆಯಲ್ಲಿ ನಿಂತುಬಿಟ್ಟಿದ್ದರಿಂದ. ನೋಡಿ, ಕುತ್ತಿಗೆಯಲ್ಲಿ ಮುಗಿದ ತಪ್ಪು ಶುರುವಾಗಿದ್ದು ಪಾದದಲ್ಲಿ. ಚೋಕ್ ಬಿಡಿಸಿಕೊಳ್ಳುವುದನ್ನು ನೂರು ಸಲ ಅಭ್ಯಾಸ ಮಾಡಿದರೂ ಪಂಚ್ ಆದ ಮೇಲೆ ಹಿಂದಿನ ಕಾಲನ್ನು ಅದರ ಜಾಗಕ್ಕೆ ತರುವುದನ್ನು ಕಲಿಯದಿದ್ದರೆ ಮುಂದಿನ ವಾರ ಮತ್ತೆ ಅದೇ ಚೋಕ್.

ಈ ಸರಪಳಿಯನ್ನು ಒಬ್ಬರೇ ಕಂಡುಕೊಳ್ಳುವುದು ಕಷ್ಟ, ಏಕೆಂದರೆ ಕೆಳಗಿದ್ದವನಿಗೆ ಕಾಣುವುದು ಎದುರಿನವನ ಎದೆ ಮಾತ್ರ. ಅದಕ್ಕೇ ಎದುರಾಳಿಯನ್ನು ಕೇಳಬೇಕು. ಕೋಚ್‌ಗಿಂತ ಮೊದಲು ಅವನನ್ನೇ ಕೇಳಿ. ಕ್ಯಾಮೆರಾ ಇದ್ದರೆ ಫೋನನ್ನು ಮೂಲೆಯಲ್ಲಿ ಎದೆಮಟ್ಟಕ್ಕೆ ಇಟ್ಟು ಎರಡು ಸುತ್ತು ರೆಕಾರ್ಡ್ ಮಾಡಿ. ರೀಲ್ಸ್‌ಗೆ ಹಾಕಲು ಮಾಡುವ ವಿಡಿಯೋ ಇದಕ್ಕೆ ಪ್ರಯೋಜನವಿಲ್ಲ, ಅದರಲ್ಲಿ ನಾವು ಗೆದ್ದ ಭಾಗ ಮಾತ್ರ ಉಳಿದಿರುತ್ತದೆ.

ನೋಟ್‌ಬುಕ್ ವಿಷಯ. 100 ಪುಟದ ಮಾಮೂಲಿ ನೋಟ್‌ಬುಕ್ ಸಾಕು. ಪ್ರತಿ ದಿನ ಮೂರೇ ಸಾಲು: ಇವತ್ತು ಏನು ಕೆಲಸ ಮಾಡಿತು, ಎಲ್ಲಿ ಸಿಕ್ಕಿಬಿದ್ದೆ, ನಾಳೆ ಯಾರನ್ನು ಏನು ಕೇಳಬೇಕು. ಮೊದಲನೇ ಸಾಲನ್ನು ಬಿಡಬೇಡಿ. ಬರೀ ತಪ್ಪಿನ ಪಟ್ಟಿ ಬರೆದ ಹುಡುಗರು ಎರಡು ತಿಂಗಳಲ್ಲಿ ನೋಟ್‌ಬುಕ್ಕೂ ಬಿಡುತ್ತಾರೆ, ಕೆಲವೊಮ್ಮೆ ಜಿಮ್ಮೂ ಬಿಡುತ್ತಾರೆ. ‘ಇವತ್ತು ಒಂದು ಡಬಲ್ ಲೆಗ್ (ಎರಡೂ ಕಾಲು ಹಿಡಿದು ಕೆಡವುವುದು) ತಡೆದೆ’ ಅನ್ನುವುದು ನಿಜವಾಗಿ ನಡೆದದ್ದಾದರೆ ಅದು ಹೊಗಳಿಕೆಯಲ್ಲ, ದಾಖಲೆ. ಆತ್ಮವಿಶ್ವಾಸ ಕುಸಿದ ದಿನ ತಿರುಗಿಸಿ ನೋಡಲು ಇಂಥ ದಾಖಲೆಗಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಭಾನುವಾರ ವಾರದ ಪುಟಗಳನ್ನು ಓದಿ, ಎರಡನೇ ಸಾಲಿನಲ್ಲಿ ಯಾವುದು ಮೂರು ಸಲ ಬಂದಿದೆಯೋ ಅದನ್ನು ಮುಂದಿನ ಎರಡು ವಾರದ ಕೆಲಸವಾಗಿ ಆರಿಸಿಕೊಳ್ಳಿ. ಒಂದೇ. ಎರಡನ್ನು ಆರಿಸಿದರೆ ಎರಡೂ ಆಗುವುದಿಲ್ಲ.

ಆರಿಸಿದ್ದನ್ನು ಅಭ್ಯಾಸ ಮಾಡುವ ರೀತಿ ಹೀಗೆ. ಮೌಂಟ್‌ನಿಂದ, ಅಂದರೆ ಎದೆಮೇಲೆ ಕೂತವನಿಂದ ಬಿಡಿಸಿಕೊಳ್ಳುವುದು ನಿಮ್ಮ ಕೆಲಸ ಅನ್ನಿ. ಪೂರ್ತಿ ಸ್ಪಾರಿಂಗ್‌ನಲ್ಲಿ ಆ ಸ್ಥಿತಿ ಬರುವುದು ಒಂದೋ ಎರಡೋ ಸಲ. ಅದರಿಂದ ಕಲಿಕೆ ಆಗುವುದಿಲ್ಲ. ಹಾಗಾಗಿ ಶುರುವೇ ಅಲ್ಲಿಂದ ಆಗಬೇಕು: ನೀವು ಕೆಳಗೆ, ಜೊತೆಗಾರ ಎದೆಮೇಲೆ, 2 ನಿಮಿಷದ 5 ಸುತ್ತು, ನಡುವೆ 1 ನಿಮಿಷ ವಿರಾಮ. ಬಿಡಿಸಿಕೊಂಡ ಕೂಡಲೇ ಮತ್ತೆ ಮೊದಲಿನ ಜಾಗಕ್ಕೆ. ಮೊದಲ ವಾರ ಜೊತೆಗಾರ ತನ್ನ ಬಲದ ಮೂರನೇ ಒಂದು ಪಾಲು ಮಾತ್ರ ಹಾಕಲಿ, ಎರಡನೇ ವಾರ ಅರ್ಧದಿಂದ ಮುಕ್ಕಾಲಿಗೆ ಏರಿಸಲಿ. ತಂತ್ರ ಇದು: ಅವನ ಒಂದು ಕೈಯನ್ನು ನಿಮ್ಮ ಎದೆಗೆ ಅಮುಕಿ ಹಿಡಿಯಿರಿ, ಅದೇ ಬದಿಯ ಅವನ ಪಾದದ ಹೊರಗೆ ನಿಮ್ಮ ಪಾದ ಇಟ್ಟು ಕಟ್ಟಿಹಾಕಿ, ಹಿಮ್ಮಡಿಗಳನ್ನು ಪೃಷ್ಠದ ಹತ್ತಿರ ಎಳೆದುಕೊಂಡು, ಸೊಂಟ ಎತ್ತಿ ಆ ಬದಿಯ ಭುಜದ ಮೇಲೆ ಓರೆಯಾಗಿ ಹೊರಳಿ.

ತಪ್ಪುವುದು ಎಲ್ಲಿ? ನೇರ ಮೇಲಕ್ಕೆ ಸೊಂಟ ಎತ್ತುತ್ತಾರೆ. ಆಗ ಅವನು ಎರಡೂ ಕೈ ಮುಂದೆ ಊರಿ ಹಾಗೇ ಉಳಿಯುತ್ತಾನೆ. ಇಲ್ಲವೇ ಗಾಬರಿಯಲ್ಲಿ ಎರಡೂ ಕೈ ಚಾಚಿ ಅವನ ಎದೆಯನ್ನು ತಳ್ಳುತ್ತಾರೆ, ಚಾಚಿದ ಕೈ ಆರ್ಮ್‌ಬಾರ್‌ಗೆ ತಾನಾಗಿ ಕೊಟ್ಟ ಕಾಣಿಕೆ. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರಬೇಕು. ಎರಡು ವಾರದ ಕೊನೆಯಲ್ಲಿ 10 ಪ್ರಯತ್ನಕ್ಕೆ ಎಷ್ಟು ಸಲ ಹೊರಬಂದಿರಿ ಎಂದು ಎಣಿಸಿ. 2 ಇದ್ದದ್ದು 4 ಆಗಿದ್ದರೆ ನೀವು ಸುಧಾರಿಸಿದ್ದೀರಿ, ಅದೇ ಹೊತ್ತಿನಲ್ಲಿ ಸ್ಪಾರಿಂಗ್ ಎಲ್ಲ ಸೋತಿದ್ದರೂ ಸುಧಾರಿಸಿದ್ದೀರಿ.

ಗರಡಿ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಪಟ್ಟು ಕಲಿಸಿ, ಅದರ ಮರುಪಟ್ಟು ಕಲಿಸಿ, ಒಂದೇ ಪಟ್ಟನ್ನು ದಿನಗಟ್ಟಲೆ ಮಟ್ಟಿಯಲ್ಲಿ ಹೊರಳಾಡಿಸುವುದು ಉಸ್ತಾದರ ಹಳೆಯ ಪದ್ಧತಿಯೇ. ನಮ್ಮ ಕಡೆಯ ಕುಸ್ತಿ ಹುಡುಗರು ಎಂಎಂಎಗೆ ಬಂದರೆ ಟೇಕ್‌ಡೌನ್, ಮೇಲಿನಿಂದ ಒತ್ತಿ ಹಿಡಿಯುವ ಬಲ, ಎರಡೂ ಸಿದ್ಧವಾಗಿಯೇ ಬಂದಿರುತ್ತವೆ. ಅವರಿಗೆ ಕಷ್ಟವಾಗುವುದು ಒಂದು ಅಭ್ಯಾಸ: ಚಿತ್ ಆಗಬಾರದೆಂದು ಹೊಟ್ಟೆ ಮೇಲೆ ಹೊರಳುವುದು. ಕುಸ್ತಿಯಲ್ಲಿ ಅದು ರಕ್ಷಣೆ, ಇಲ್ಲಿ ಅದು ಬೆನ್ನು ಕೊಡುವುದು. ಬಾಕ್ಸಿಂಗ್‌ನಿಂದ ಬಂದವರಿಗೆ ಮೈ ಓರೆ ಮಾಡಿ ಮುಂದಿನ ಕಾಲಿನ ಮೇಲೆ ಭಾರ ಹಾಕುವ ನಿಲುವು ತೊಂದರೆ ಕೊಡುತ್ತದೆ, ಆ ಕಾಲಿಗೆ ಲೋ ಕಿಕ್ ಬೀಳುತ್ತದೆ. ಕರಾಟೆಯವರಿಗೆ ದೂರ ಅಳೆಯುವುದು ಗೊತ್ತು, ಗೋಡೆಗೆ ಒತ್ತಿ ಹಿಡಿದರೆ ಏನು ಮಾಡಬೇಕೋ ಗೊತ್ತಿರುವುದಿಲ್ಲ. ಯಾವುದರಲ್ಲಿ ಗಟ್ಟಿಗರೋ ಅದರಲ್ಲೇ ಸ್ಪಾರಿಂಗ್ ಮಾಡಬೇಕು ಅನ್ನಿಸುವುದು ಸಹಜ. ಸುಧಾರಣೆ ಇರುವುದು ಇನ್ನೊಂದು ಕಡೆ. ವಾರದಲ್ಲಿ ಒಂದು ಪೂರ್ತಿ ದಿನವನ್ನಾದರೂ ನೀವು ಅತ್ಯಂತ ದುರ್ಬಲವಾಗಿರುವ ಕಡೆಗೆ ಕೊಡಿ. ಪಂದ್ಯ ನಡೆಯುವ ಬಲೆಯ ಆವರಣ, ಅಂದರೆ ಕೇಜ್ ಇಲ್ಲದಿದ್ದರೆ ಗೋಡೆಗೆ ಮ್ಯಾಟ್ ಕಟ್ಟಿ ಅಭ್ಯಾಸ ಮಾಡಬಹುದು.

ಇನ್ನು ಗುರಿಯ ಬಗ್ಗೆ. ‘ಈ ಪಂದ್ಯ ಗೆಲ್ಲಬೇಕು’ ಎಂಬುದು ಆಸೆ, ಅದನ್ನು ಅಭ್ಯಾಸ ಮಾಡಲು ಆಗುವುದಿಲ್ಲ. ವೃತ್ತಿಪರ ಪಂದ್ಯ ಹೆಚ್ಚಾಗಿ 5 ನಿಮಿಷದ 3 ಸುತ್ತು. ಪ್ರತಿ ಸುತ್ತನ್ನೂ ಮೂವರು ತೀರ್ಪುಗಾರರು ಬೇರೆ ಬೇರೆಯಾಗಿ ಅಳೆಯುತ್ತಾರೆ, ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಉತ್ತರ ಪ್ರದೇಶದ ಪೂಜಾ ತೋಮರ್ ಚೀನಾದ ಸಮರಕಲೆ ವುಶುವಿನಿಂದ ಬಂದ ಹುಡುಗಿ. 2024ರ ಜೂನ್‌ನಲ್ಲಿ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಆ ಪಂದ್ಯದಲ್ಲೂ ತೀರ್ಪು ಒಮ್ಮತದ್ದಾಗಿರಲಿಲ್ಲ, ಒಬ್ಬ ತೀರ್ಪುಗಾರರು ಎದುರಾಳಿಯ ಪರವಾಗಿದ್ದರು. ಇನ್ನೊಬ್ಬರ ಮನಸ್ಸೂ ಆ ಕಡೆ ವಾಲಿದ್ದರೆ ಪೂಜಾ ಅದೇ ಒದೆತಗಳನ್ನು ಒದ್ದು ಸೋತಿರುತ್ತಿದ್ದರು. ಆದ್ದರಿಂದ ಪಂದ್ಯದ ಗುರಿಗಳು ನಿಮ್ಮ ಕೈಯಲ್ಲಿರುವಂಥವು ಆಗಿರಲಿ. ‘ಪ್ರತಿ ಕಾಂಬಿನೇಷನ್ (ಒಂದರ ಹಿಂದೊಂದು ಏಟು) ಆದ ಮೇಲೆ ಪಕ್ಕಕ್ಕೆ ಸರಿಯುತ್ತೇನೆ’, ‘ಗೋಡೆಗೆ ಒತ್ತಿದರೆ ಮೊದಲು ಅಂಡರ್‌ಹುಕ್ (ಕಂಕುಳಡಿ ಕೈ ತೂರಿಸಿ ಹಿಡಿಯುವುದು) ಹುಡುಕುತ್ತೇನೆ’, ‘ಕೆಳಗೆ ಬಿದ್ದರೆ 10 ಸೆಕೆಂಡಿನೊಳಗೆ ಏಳುವ ಪ್ರಯತ್ನ ಶುರು ಮಾಡುತ್ತೇನೆ’. ಒಂದು ಪಂದ್ಯಕ್ಕೆ ಇಂಥ ಮೂರು ಸಾಕು.

ತಲೆಯೊಳಗಿನ ಮಾತಿಗೂ ಇದೇ ಅಳತೆ. ಸುಸ್ತಾದಾಗ ಮೆದುಳಿಗೆ ಉದ್ದ ವಾಕ್ಯ ತಲುಪುವುದಿಲ್ಲ. ಎರಡೇ ಪದ ಇರಲಿ, ದೇಹಕ್ಕೆ ಕೆಲಸ ಹೇಳುವಂತಿರಲಿ: ‘ಗದ್ದ ಕೆಳಗೆ’, ‘ಉಸಿರು ಬಿಡು’, ‘ಕೈ ಮೇಲೆ’. ಅಭ್ಯಾಸದಲ್ಲಿ ಇದೇ ಪದಗಳನ್ನು ಬಳಸಿದ್ದರೆ ಮಾತ್ರ ಪಂದ್ಯದಲ್ಲಿ ಕೈಗೆ ಬರುತ್ತವೆ. ಕಾರ್ನರ್‌ನಲ್ಲಿ ನಿಂತು ಸೂಚನೆ ಕೊಡುವವರೂ ಅದೇ ಪದಗಳನ್ನೇ ಹೇಳಬೇಕು, ನಮ್ಮ ಹುಡುಗರಿಗೆ ಇಂಗ್ಲಿಷ್ ಕೂಗಿಗಿಂತ ಕನ್ನಡದ ಎರಡು ಪದ ಬೇಗ ಮುಟ್ಟುತ್ತದೆ. ಸುತ್ತುಗಳ ನಡುವೆ ಸಿಗುವುದು 60 ಸೆಕೆಂಡು. ಮೊದಲ 20 ಸೆಕೆಂಡು ಯಾರೂ ಮಾತಾಡಬೇಡಿ: ಮೂಗಿನಲ್ಲಿ ಉಸಿರೆಳೆದು, ಬಾಯಲ್ಲಿ ಉದ್ದಕ್ಕೆ ಬಿಡಲಿ, ಒಂದೆರಡು ಗುಟುಕು ನೀರು ಕುಡಿಯಲಿ. ಆಮೇಲೆ ಒಂದು ಸೂಚನೆ, ಹೆಚ್ಚೆಂದರೆ ಎರಡು. ಅದನ್ನು ಅವನ ಬಾಯಿಂದಲೇ ಮತ್ತೆ ಹೇಳಿಸಿ. ಹೇಳಲು ಬರದಿದ್ದರೆ ಅವನಿಗೆ ಕೇಳಿಸಿಲ್ಲ ಅಂತ ಅರ್ಥ.

ಮೊದಲ ಪಂದ್ಯದಲ್ಲಿ ಬಹುಪಾಲು ಹುಡುಗರಿಗೆ ಒಂದೂವರೆ ನಿಮಿಷದಲ್ಲೇ ಉಸಿರು ಸಾಲುವುದಿಲ್ಲ, ಮುಂಗೈ ಕಲ್ಲಿನಂತಾಗುತ್ತದೆ. ‘ಸ್ಟ್ಯಾಮಿನಾ ಇಲ್ಲ’ ಎಂದು ಮರುದಿನದಿಂದ ಹತ್ತು ಕಿಲೋಮೀಟರ್ ಓಡಲು ಶುರು ಮಾಡುತ್ತಾರೆ. ಕಾರಣ ಹೆಚ್ಚಾಗಿ ಬೇರೆ. ಅಡ್ರಿನಲಿನ್ ಏರಿದಾಗ ಉಸಿರು ಹಿಡಿದು ಹೊಡೆಯುತ್ತಾರೆ, ಮುಷ್ಟಿಯನ್ನು ಉದ್ದಕ್ಕೂ ಬಿಗಿದೇ ಇಡುತ್ತಾರೆ. ಪರಿಹಾರ ವಾರ್ಮ್ ಅಪ್‌ನಲ್ಲಿದೆ: ಹೆಸರು ಕರೆಯುವ 30–40 ನಿಮಿಷ ಮೊದಲು ಶುರು ಮಾಡಿ, ಬೆವರು ಬರುವವರೆಗೆ ನಿಧಾನವಾಗಿ ಏರಿಸಿ, ಕೊನೆಗೆ ಪ್ಯಾಡ್ ಮೇಲೆ ಒಂದೆರಡು ನಿಮಿಷ ಜೋರಾಗಿ ಹೊಡೆದು ಆ ಏದುಸಿರನ್ನು ಒಮ್ಮೆ ಅಲ್ಲೇ ಅನುಭವಿಸಿಬಿಡಿ, ನಂತರ ಮೈ ಬೆಚ್ಚಗೆ ಇಟ್ಟುಕೊಂಡು ಕಾಯಿರಿ. ಹೊಟ್ಟೆ ತೊಳಸುವುದು, ಕೈ ನಡುಗುವುದು ಎಲ್ಲರಿಗೂ ಆಗುತ್ತದೆ. ಅದನ್ನು ಓಡಿಸಲು ಹೋಗಬೇಡಿ, ದೇಹ ತಯಾರಾಗುತ್ತಿದೆ ಅಷ್ಟೇ.

ಸೋಲಿನ ಬಗ್ಗೆ ಎರಡು ಉದಾಹರಣೆ ಒಟ್ಟಿಗೆ ಇಡಬೇಕು, ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ. ಕೆನಡಾದ ಜಾರ್ಜ್ ಸೇಂಟ್ ಪಿಯೆರ್ 2007ರಲ್ಲಿ ಮ್ಯಾಟ್ ಸೆರಾ ಎದುರು ಮೊದಲ ಸುತ್ತಿನಲ್ಲೇ ಬಿದ್ದು ಯುಎಫ್‌ಸಿ ಚಾಂಪಿಯನ್ ಪಟ್ಟ ಕಳೆದುಕೊಂಡರು. 2008ರಲ್ಲಿ ಅದೇ ಎದುರಾಳಿಯನ್ನು ನೆಲಕ್ಕೆ ಕೆಡವಿ ಎರಡನೇ ಸುತ್ತಿನಲ್ಲಿ ಸೋಲಿಸಿದರು, ಆಮೇಲೆ ನಿವೃತ್ತಿಯವರೆಗೆ ಸೋಲಲಿಲ್ಲ. ಈ ಕಥೆಯನ್ನು ಎಲ್ಲ ಜಿಮ್‌ಗಳಲ್ಲೂ ಹೇಳುತ್ತಾರೆ. ಇನ್ನೊಬ್ಬರು ಉತ್ತರಾಖಂಡದ ಅಂಶುಲ್ ಜುಬ್ಲಿ. 2023ರ ಫೆಬ್ರವರಿಯಲ್ಲಿ ಯುಎಫ್‌ಸಿಗೆ ದಾರಿ ಕೊಡುವ ಟೂರ್ನಿ ರೋಡ್ ಟು ಯುಎಫ್‌ಸಿ ಗೆದ್ದಾಗ ಅವರಿಗೆ ಸೋಲೇ ಇರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಮೂರನೇ ಸುತ್ತಿನಲ್ಲಿ ನಾಕೌಟ್ ಆದರು. ವರ್ಷಕ್ಕೂ ಹೆಚ್ಚು ಕಾಲದ ನಂತರ ಮರಳಿ ಬಂದ 2025ರ ಪಂದ್ಯ 19 ಸೆಕೆಂಡಿನಲ್ಲಿ ಮುಗಿಯಿತು, ಅದೂ ಸೋಲೇ. ಅವರ ಮನೋಬಲ ಕಡಿಮೆಯಿತ್ತು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. 4 ಔನ್ಸ್ ಗ್ಲವ್ ಹಾಕಿಕೊಂಡು ಹೊಡೆದಾಡುವ ಆಟದಲ್ಲಿ ಒಂದು ಏಟು ಎಲ್ಲವನ್ನೂ ತಿರುಗಿಸಬಹುದು. ಒಳ್ಳೆಯ ಮನೋಭಾವ ಗೆಲುವಿನ ಖಾತರಿ ಕೊಡುವುದಿಲ್ಲ. ಸೋತ ಮೇಲೆಯೂ ಕಲಿಕೆ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ. ಇಷ್ಟೇ ಅದರ ಕೆಲಸ, ಇಷ್ಟು ಸಾಕಷ್ಟು ದೊಡ್ಡ ಕೆಲಸ.

ಹಾಗಾದರೆ ಸೋತ ರಾತ್ರಿ ಏನು ಮಾಡಬೇಕು? ಆ ರಾತ್ರಿ ದೇಹ ನೋಡಿಕೊಳ್ಳುವುದು ಮಾತ್ರ. ವಿಡಿಯೋ ಬೇಡ, ಕಾಮೆಂಟ್ ಓದುವುದು ಬೇಡವೇ ಬೇಡ. ಎರಡು ದಿನ ಬಿಟ್ಟು ಕೋಚ್ ಜೊತೆ ಕೂತು ಮೊದಲ ಸಲ ಶಬ್ದ ನಿಲ್ಲಿಸಿ ನೋಡಿ, ಏಕೆಂದರೆ ಕೂಗಾಟ ಕೇಳಿದರೆ ಕಣ್ಣಿಗೆ ಬೇರೆಯದೇ ಪಂದ್ಯ ಕಾಣುತ್ತದೆ. ಎರಡನೇ ಸಲ ಎಣಿಸಿ: ಎಷ್ಟು ಟೇಕ್‌ಡೌನ್ ಪ್ರಯತ್ನ, ಎಷ್ಟು ತಡೆದದ್ದು, ಪ್ರತಿ ಸುತ್ತಿನಲ್ಲಿ ಎಷ್ಟು ಹೊತ್ತು ಕೆಳಗಿದ್ದದ್ದು. ಮೂರನೇ ಸಲ ಆ ಸರಪಳಿಯನ್ನು ಹಿಂದಕ್ಕೆ ಹಿಡಿದು ಹೋಗಿ. ಗೆದ್ದ ಪಂದ್ಯಕ್ಕೂ ಇದನ್ನೇ ಮಾಡಿ. ಗೆದ್ದಾಗ ತಪ್ಪುಗಳು ಅಷ್ಟೇ ಇರುತ್ತವೆ, ಎದುರಾಳಿ ಅವನ್ನು ಬಳಸಿಕೊಂಡಿರುವುದಿಲ್ಲ.

ಈಗ ಗಂಭೀರವಾಗಿ ಕೇಳಿ. ತಲೆಗೆ ಏಟು ಬಿದ್ದ ಮೇಲೆ ತಲೆನೋವು, ತಲೆ ಸುತ್ತು, ವಾಂತಿ, ಮಂಕುತನ, ನಡೆದದ್ದು ನೆನಪಿಲ್ಲದಿರುವುದು, ಇವುಗಳಲ್ಲಿ ಒಂದು ಇದ್ದರೂ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು. ವಾಂತಿ ಮತ್ತೆ ಮತ್ತೆ ಆದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ನಿದ್ದೆ ಬಂದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಾಕೌಟ್ ಆದವರಿಗೆ ಕನಿಷ್ಠ 30 ದಿನ ಸ್ಪಾರಿಂಗ್ ಇಲ್ಲ, ಆಮೇಲೂ ಡಾಕ್ಟರ್ ಒಪ್ಪಿದ ಮೇಲಷ್ಟೇ. ‘ಧೈರ್ಯ ಇದ್ದವನು ಎದ್ದು ನಿಲ್ತಾನೆ’ ಎಂದು ಹುಡುಗರನ್ನು ಮತ್ತೆ ಮ್ಯಾಟಿಗೆ ಇಳಿಸುವ ಕೋಚ್ ಹುಡುಗರ ಮನೋಬಲ ಕಟ್ಟುತ್ತಿಲ್ಲ, ಅವರ ಮೆದುಳನ್ನು ಪಣಕ್ಕಿಡುತ್ತಿದ್ದಾರೆ. ಜೋರಿನ ಸ್ಪಾರಿಂಗ್ ವಾರಕ್ಕೆ ಒಂದೇ ಸಲ ಸಾಕು, 16 ಔನ್ಸ್ ಗ್ಲವ್, ಶಿನ್ ಗಾರ್ಡ್, ಮೌತ್‌ಗಾರ್ಡ್ ಇಲ್ಲದೆ ಬೇಡ. ಉಳಿದ ದಿನ ಮುಟ್ಟಿದ್ದು ಗೊತ್ತಾಗುವಷ್ಟು ಬಲ ಮಾತ್ರ.

ತೂಕ ಇಳಿಸುವುದು ಇನ್ನೊಂದು. ನೀರು ಬಿಟ್ಟು, ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡಿ, ಒಂದೇ ದಿನದಲ್ಲಿ 4 ಕೆಜಿ ಇಳಿಸುವುದನ್ನು ಹುಡುಗರು ವಿಡಿಯೋ ನೋಡಿ ಕಲಿಯುತ್ತಿದ್ದಾರೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಸತ್ತರು. 2015ರಲ್ಲಿ ಚೀನಾದ ಎಂಎಂಎ ಹೋರಾಟಗಾರರೊಬ್ಬರು ಪಂದ್ಯಕ್ಕೆ ಮುನ್ನ ತೂಕ ಇಳಿಸುವಾಗ ತೀರಿಕೊಂಡ ಮೇಲೆ ಆ ಪಂದ್ಯ ನಡೆಸುತ್ತಿದ್ದ ಸಂಸ್ಥೆ ಒನ್ ಚಾಂಪಿಯನ್‌ಶಿಪ್ ತನ್ನ ತೂಕದ ನಿಯಮಗಳನ್ನೇ ಬದಲಿಸಿತು. 18 ತುಂಬದವರಿಗೆ ತೂಕ ಇಳಿಸುವ ಮಾತೇ ಬೇಡ, ಇರುವ ತೂಕದಲ್ಲೇ ಆಡಲಿ. ದೊಡ್ಡವರು ಇಳಿಸಲೇಬೇಕಿದ್ದರೆ ವಾರಕ್ಕೆ ಅರ್ಧ ಕೆಜಿಯಂತೆ, ತಿಂಗಳುಗಳ ಮುಂಚೆಯೇ ಶುರು ಮಾಡಿ.

ಊಟಕ್ಕೆ ದುಬಾರಿ ಡಬ್ಬಿ ಬೇಕಿಲ್ಲ. 60 ಕೆಜಿ ತೂಕದ ಹುಡುಗನಿಗೆ ದಿನಕ್ಕೆ ಸುಮಾರು 100 ಗ್ರಾಂ ಪ್ರೋಟೀನ್ ಸಾಕು. ಗ್ರಾಂ ಲೆಕ್ಕದಲ್ಲಿ ಪ್ರೋಟೀನ್ ಹೀಗೆ: ಮೂರು ಮೊಟ್ಟೆ 18, ಅರ್ಧ ಲೀಟರ್ ಹಾಲು 16, ಒಣ ಹುರುಳಿ 60 ಗ್ರಾಂ ಹಾಕಿದ ಸಾರು ಕಾಳಿನ ಸಮೇತ 13, ಎರಡು ಮುದ್ದೆಗೆ ಬೇಕಾದ 150 ಗ್ರಾಂ ರಾಗಿ ಹಿಟ್ಟು 10, ಕಡಲೆಕಾಯಿ ಬೀಜ 40 ಗ್ರಾಂ 10, ಬೇಯಿಸಿದ ಕೋಳಿ 100 ಗ್ರಾಂ 28. ಉಳಿದದ್ದು ಅನ್ನ, ಇಡ್ಲಿಯಿಂದ ಬರುತ್ತದೆ. ಮಾಂಸ ತಿನ್ನದವರು ಕೋಳಿಯ ಬದಲು 50 ಗ್ರಾಂ ಸೋಯಾ, ಮೊಟ್ಟೆಯ ಬದಲು 100 ಗ್ರಾಂ ಪನೀರ್ ಹಾಕಿಕೊಳ್ಳಬಹುದು. ಹುರುಳಿ ಸಾರಿನಲ್ಲಿ ಬಸಿದ ಕಟ್ಟು ಮಾತ್ರ ಕುಡಿದು ಕಾಳು ಬಿಟ್ಟರೆ ಪ್ರೋಟೀನ್ ಬಹುಪಾಲು ಪಾತ್ರೆಯಲ್ಲೇ ಉಳಿಯುತ್ತದೆ. ಕ್ಯಾತಸಂದ್ರದ ತಟ್ಟೆ ಇಡ್ಲಿ ಅಭ್ಯಾಸಕ್ಕೆ ಎರಡು ಮೂರು ಗಂಟೆ ಮೊದಲು ತಿನ್ನಲು ಬಹಳ ಒಳ್ಳೆಯದು, ಬೇಗ ಜೀರ್ಣವಾಗುತ್ತದೆ.

ವಸಂತನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡಿಕೊಂಡು ಅಭ್ಯಾಸಕ್ಕೆ ಬರುವವರಿಗೆ ಒಂದು ಮಾತು. ನೈಟ್ ಶಿಫ್ಟ್ ವಾರದಲ್ಲಿ ಜೋರಿನ ಸ್ಪಾರಿಂಗ್ ಬೇಡ, ತಂತ್ರದ ಅಭ್ಯಾಸ ಸಾಕು. ಎದ್ದ ಕೂಡಲೇ ಮಲಗಿದಲ್ಲೇ 30 ಸೆಕೆಂಡು ನಾಡಿ ಎಣಿಸಿ ಎರಡರಿಂದ ಗುಣಿಸಿ ಬರೆದಿಡಿ. ಮಾಮೂಲಿಗಿಂತ 7–10 ಹೆಚ್ಚು ಬಡಿತ ಎರಡು ಮೂರು ದಿನ ಹಾಗೇ ಇದ್ದರೆ ದೇಹ ಸುಧಾರಿಸಿಕೊಂಡಿಲ್ಲ, ಆ ವಾರದ ಕೆಲಸ ಅರ್ಧ ಮಾಡಿ. ಇದನ್ನು ಸೋಮಾರಿತನ ಅಂದುಕೊಳ್ಳುವ ಹುಡುಗರೇ ಮೊದಲು ಗಾಯ ಮಾಡಿಕೊಳ್ಳುವುದು.

ಕೊನೆಗೆ ಅಪ್ಪ ಅಮ್ಮಂದಿರಿಗೆ. ಮಕ್ಕಳು ಮನೆಗೆ ಬಂದಾಗ ‘ಗೆದ್ಯಾ, ಸೋತ್ಯಾ?’ ಎಂದು ಕೇಳಬೇಡಿ. ‘ಇವತ್ತು ಏನು ಕಲಿತೆ, ಒಂದು ತೋರಿಸು’ ಅನ್ನಿ. ತೋರಿಸಲು ಏನೂ ಇಲ್ಲದ ಸಂಜೆಗಳು ತಿಂಗಳುಗಟ್ಟಲೆ ಬಂದರೆ ಜಿಮ್ ಬದಲಿಸುವ ಕಾಲ ಬಂದಿದೆ. ಹೊಸ ಜಿಮ್‌ಗೆ ಸೇರಿಸುವ ಮೊದಲು ಒಂದು ಪೂರ್ತಿ ತರಗತಿ ಕೂತು ನೋಡಿ. ಹೊಸಬರನ್ನು ಮೊದಲ ವಾರವೇ ಹಳಬರ ಜೊತೆ ಜೋರಿನ ಸ್ಪಾರಿಂಗ್‌ಗೆ ಬಿಡುತ್ತಾರೆಯೇ? ಟ್ಯಾಪ್ ಮಾಡಿದ ಕೂಡಲೇ ಎದುರಾಳಿ ಬಿಡುತ್ತಾನೆಯೇ, ಬಿಡದಿದ್ದರೆ ಕೋಚ್ ಏನು ಹೇಳುತ್ತಾರೆ? ತರಗತಿ ಮುಗಿದ ಮೇಲೆ ಮ್ಯಾಟ್ ಒರೆಸುತ್ತಾರೆಯೇ? ಮ್ಯಾಟ್ ಕೊಳಕಾಗಿದ್ದರೆ ಹುಳುಕಡ್ಡಿ ಬರುತ್ತದೆ. ಆಗ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ಕಡಿಮೆಯಾಗಿ, ಆಮೇಲೆ ಮೈಗೆಲ್ಲ ಹರಡಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಹೆಣ್ಣುಮಕ್ಕಳಿದ್ದರೆ ಅವರ ತೂಕಕ್ಕೆ ಹತ್ತಿರದ ಜೊತೆಗಾರರು ಇದ್ದಾರೆಯೇ ಎಂದು ನೇರವಾಗಿ ಕೇಳಿ. ಈ ಪ್ರಶ್ನೆಗಳಿಗೆ ಕೋಚ್ ಸಿಟ್ಟಾಗದೆ ಉತ್ತರ ಕೊಟ್ಟರೆ ಮಗುವನ್ನು ಸೇರಿಸಿ, ಮೂರು ತಿಂಗಳು ಬಿಟ್ಟು ನೋಟ್‌ಬುಕ್ಕಿನ ಮೊದಲನೇ ಸಾಲುಗಳನ್ನು ಅವರ ಜೊತೆ ಕೂತು ಓದಿ.